ವಾಟರ್‌ಪ್ರೂಫ್ ಎಂದು ಹಾಕಿಕೊಟ್ಟ ನೆಲಹಾಸು ಉಬ್ಬಿರುವ ಬಗ್ಗೆ ದೂರು

ಸಪ್ತಾಪುರ, ಧಾರವಾಡ
12-09-2024

ಇವರಿಗೆ,
ಮಾಲೀಕರು,
ಟೈಲ್ಸ್ ಮತ್ತು ನೆಲಹಾಸು ಮಳಿಗೆ, ಹುಬ್ಬಳ್ಳಿ

ಮಾನ್ಯರೇ,

ಜೂನ್ ಮೊದಲ ವಾರ ನಾನು, ನಮ್ಮ ಯಜಮಾನರು ನಿಮ್ಮ ಮಳಿಗೆಗೆ ಬಂದಿದ್ದೆವು. ಬಣ್ಣ, ರೇಟು ಕೇಳುವ ಮೊದಲೇ ನಮ್ಮ ಅಕ್ವೇರಿಯಂ ವಿಷಯ ಹೇಳಿದೆವು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ. ಸುಮಾರು 600 ಲೀಟರ್ ನೀರು, ಅಂದರೆ ನೀರೇ 600 ಕೆಜಿ. ಗಾಜು, ಕಬ್ಬಿಣದ ಸ್ಟ್ಯಾಂಡು, ಕಲ್ಲು, ಉಸುಕು ಸೇರಿದರೆ 800 ದಾಟುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಎಷ್ಟು ಜೋಪಾನ ಮಾಡಿದರೂ ನೆಲಕ್ಕೆ ಚೆಲ್ಲುತ್ತದೆ. ಅದಕ್ಕೇ ವಿಟ್ರಿಫೈಡ್ ಟೈಲ್ಸ್ ತೋರಿಸಿ ಎಂದು ಕೇಳಿದ್ದೆವು.

ನಿಮ್ಮ ಸೇಲ್ಸ್‌ನವರು ಟೈಲ್ಸ್ ಕಡೆ ಕರೆದುಕೊಂಡೇ ಹೋಗಲಿಲ್ಲ. "ಎಷ್ಟ್ ನೀರ್ ಚೆಲ್ಲಿದ್ರೂ ಏನೂ ಆಗಂಗಿಲ್ರಿ ಅಕ್ಕಾರ, ಪಕ್ಕಾ ವಾಟರ್‌ಪ್ರೂಫ್ ಐತಿ" ಎಂದು ಕಟ್ಟಿಗೆ ಬಣ್ಣದ ಈ ಹಲಗೆ ತೋರಿಸಿದರು. ಹಳೇ ನೆಲ ಒಡೆಯುವ ಧೂಳು ಇಲ್ಲ, ಎರಡು ದಿನದ ಕೆಲಸ ಎಂದರು. ನಂಬಿದೆವು. ಬಿಲ್ಲಿನಲ್ಲೂ 'ವುಡನ್ ಫ್ಲೋರಿಂಗ್, ವಾಟರ್‌ಪ್ರೂಫ್' ಎಂದೇ ಬರೆದಿದೆ. ಕೂಲಿ ಸೇರಿ 31,000 ರೂಪಾಯಿ ಕೊಟ್ಟಿದ್ದೇವೆ.

ಆಗಸ್ಟ್ ಕೊನೆಗೆ ತೊಟ್ಟಿಯ ಮುಂದಿನ ಜೋಡಣೆಗಳು ಉಬ್ಬಿದವು. ಮೊದಲು ಅದು ನಮಗೆ ದೊಡ್ಡದು ಅನ್ನಿಸಲಿಲ್ಲ. ಒಂದು ದಿನ ಮಗಳು, "ಅಮ್ಮಾ, ನೀರು ಒಂದು ಕಡೆ ಏರಿದೆ" ಎಂದಳು. ಹೋಗಿ ನೋಡಿದರೆ ಎಡಗಡೆಗಿಂತ ಬಲಗಡೆ ನೀರಿನ ಗೆರೆ ಅರ್ಧ ಇಂಚು ಮೇಲಿತ್ತು. ರಸಮಟ್ಟ ಇಟ್ಟು ನೋಡಿದೆವು. ಸ್ಟ್ಯಾಂಡು ವಾಲಿತ್ತು. ಅಷ್ಟು ಭಾರದ ತೊಟ್ಟಿ ವಾಲಿದರೆ ಗಾಜಿನ ಸಿಲಿಕೋನ್ ಅಂಟಿನ ಮೇಲೆ ಎಳೆತ ಬೀಳುತ್ತದೆ. ಅದು ಬಿಟ್ಟುಕೊಂಡರೆ 600 ಲೀಟರ್ ನೀರು ಒಮ್ಮೆಲೇ ಹಾಲ್‌ಗೆ ಬರುತ್ತದೆ, ಅಲ್ವಾ? ಅದೇ ಹಾಲ್‌ನಲ್ಲಿ ನನ್ನ ಮಗಳು ಓದಲು ಕೂರುತ್ತಾಳೆ. ಅವತ್ತು ರಾತ್ರಿಯೇ ತೊಟ್ಟಿ ಖಾಲಿ ಮಾಡಿದೆವು. ಮೀನುಗಳು ಈಗ ಎರಡು ಬ್ಯಾರಲ್‌ಗಳಲ್ಲಿವೆ. ಐದು ವರ್ಷ ಸಾಕಿದ ಒಂದು ಆಸ್ಕರ್ ಮೀನು ಮೂರನೇ ದಿನ ಸತ್ತುಹೋಯಿತು. ಅದಕ್ಕೆ ನಾನು ಬೆಲೆ ಕಟ್ಟುತ್ತಿಲ್ಲ. ಆದರೆ ನಿಮಗೆ ಗೊತ್ತಿರಲಿ.

ನಿಮ್ಮ ಮಳಿಗೆಗೆ ಫೋನ್ ಮಾಡಿದರೆ "ನೀವು ನೀರು ಜಾಸ್ತಿ ಚೆಲ್ಲಿದ್ದೀರಿ" ಎಂದರು. ಬೇರೆ ಮಿಸ್ತ್ರಿಯನ್ನು ಕರೆಸಿ ಒಂದು ಹಲಗೆ ಎಬ್ಬಿಸಿದೆವು. ಅದು ಲ್ಯಾಮಿನೇಟ್. ಮೇಲಿನ ಪದರಕ್ಕೆ ನೀರು ತಾಗದು, ಆದರೆ ಒಳಗೆ ಇರುವುದು ಒತ್ತಿ ಮಾಡಿದ ಕಟ್ಟಿಗೆ ನಾರು. ಜೋಡಣೆಯಲ್ಲಿ ಇಳಿದ ನೀರು ಕುಡಿದು ಅದು ಉಬ್ಬಿದೆ. ಈ ಹಲಗೆಗಳನ್ನು ನೆಲಕ್ಕೆ ಅಂಟಿಸುವುದಿಲ್ಲ, ಫೋಮ್ ಹಾಳೆಯ ಮೇಲೆ ಸುಮ್ನೆ ಕೂರಿಸುತ್ತಾರೆ. ಹಿಗ್ಗಲು ಗೋಡೆಯ ಪಕ್ಕ ಸುಮಾರು 10 ಮಿ.ಮೀ. ಜಾಗ ಬಿಡಬೇಕು. ನಿಮ್ಮ ಕೆಲಸಗಾರರು ಗೋಡೆಗೆ ತಾಗಿಸಿಯೇ ಕೂರಿಸಿದ್ದಾರೆ. ಮೇಲಿಂದ ತೊಟ್ಟಿಯ ಭಾರ ಅದುಮಿ ಹಿಡಿದಿದೆ. ಹಲಗೆ ಹಿಗ್ಗಲು ದಾರಿ ಎಲ್ಲಿದೆ?

ಅದರ ಕೆಳಗೆ ನಮ್ಮ ಮಾವನವರು ಹಾಕಿಸಿದ ಶಹಾಬಾದ ಫರಸಿ ಹಾಗೇ ಇದೆ. ಅದರ ಮೇಲೆ ವರ್ಷಗಟ್ಟಲೆ ನೀರು ಚೆಲ್ಲಿ ಒರೆಸಿದ್ದೇವೆ, ಒಂದು ಕಲ್ಲೂ ಅಲುಗಿರಲಿಲ್ಲ. ಮಾಸಿದೆ ಎಂದು ಮುಚ್ಚಿಸಿದ್ದಕ್ಕೆ ಈಗ ಹೊಟ್ಟೆ ಉರಿಯುತ್ತದೆ.

ಬದಲಿ ಹಲಗೆ ನಮಗೆ ಬೇಡ. ಇವನ್ನು ತೆಗೆಸಿ, ಫರಸಿಗೆ ಪೆಟ್ಟಾಗದಂತೆ ಜಾಗ ಸ್ವಚ್ಛ ಮಾಡಿಸಿ, 31,000 ರೂಪಾಯಿ ಪೂರ್ತಿ ವಾಪಸ್ ಕೊಡಿ. 15 ದಿನದೊಳಗೆ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಬಿಲ್ಲಿನ ಪ್ರತಿ, ಎಬ್ಬಿಸಿದ ಹಲಗೆಯ ಫೋಟೋ, ರಸಮಟ್ಟದ ಫೋಟೋ ಜೊತೆಗಿಟ್ಟಿದ್ದೇನೆ.

ಕೆಲಸಗಾರರನ್ನು ಕಳಿಸುವ ಹಿಂದಿನ ದಿನ ಫೋನ್ ಮಾಡಿ. ಮೀನಿನ ಬ್ಯಾರಲ್‌ಗಳು ಬಾಗಿಲ ಪಕ್ಕದಲ್ಲೇ ಇವೆ, ಮೊದಲು ಅವನ್ನು ಸರಿಸಬೇಕು.

ಇಂತಿ,
ನಿಮ್ಮ ಗ್ರಾಹಕಿ