ಲ್ಯಾಡರ್ ಆಡುತ್ತಿರುವ ಅಕ್ಕನ ಮಗಳಿಗೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಅಕ್ಕ ನಿನ್ನೆ ಫೋನ್ ಮಾಡಿದ್ದಳು. ಬ್ಯಾಡ್ಮಿಂಟನ್ ಕ್ಲಬ್ಬಿನ ಲ್ಯಾಡರಿನಲ್ಲಿ, ಅದೇ ಕೆಳಗಿನವರು ಮೇಲಿನವರಿಗೆ ಸವಾಲು ಹಾಕಿ, ಗೆದ್ದರೆ ಮೇಲೇರುವ ಆಟಗಾರರ ಪಟ್ಟಿಯಲ್ಲಿ, ನೀನು ಮೂರನೇ ಸ್ಥಾನಕ್ಕೆ ಬಂದಿದ್ದೀಯಂತೆ. ಕೇಳಿ ತುಂಬಾ ಸಂತೋಷವಾಯಿತು. ಆದರೆ ಈಗ ಕೆಳಗಿನವರು ಸವಾಲು ಹಾಕಿದರೆ ಪರೀಕ್ಷೆ, ಮೊಣಕಾಲು ನೋವು ಅಂತ ಮುಂದೂಡುತ್ತಿದ್ದೀಯಂತೆ. ಅದಕ್ಕೇ ಈ ಪತ್ರ.

ನಾಕೌಟ್ ಟೂರ್ನಿಗೆ 16 ಜನ ಸೇರಿದರೆ ಮೊದಲ ಸುತ್ತಿಗೇ 8 ಜನ ಕಿಟ್ ಹೆಗಲಿಗೇರಿಸಿ ಮನೆಗೆ ಹೋಗುತ್ತಾರೆ. ಎಲ್ಲರೂ ಎಲ್ಲರ ಜೊತೆ ಆಡಲಿ ಎಂದರೆ 120 ಪಂದ್ಯ ಬೇಕು. ಆಫೀಸು, ಕಾಲೇಜು ಮುಗಿಸಿ ಸಂಜೆ ಕೋರ್ಟಿಗೆ ಬರುವವರಿಗೆ ಅದು ಆಗುವ ಮಾತಲ್ಲ. ಲ್ಯಾಡರಿನಲ್ಲಿ ಸೋತವರೂ ಆಟದಲ್ಲೇ ಉಳಿಯುತ್ತಾರೆ. ಒಂದೆರಡು ಮೆಟ್ಟಿಲು ಮೇಲಿರುವವರನ್ನಷ್ಟೇ ಕರೆಯಬಹುದು ಎಂಬ ನಿಯಮದಿಂದ ಬಹುಪಾಲು ಸರಿಸಮ ಆಡುವವರೇ ಎದುರಿಗೆ ಸಿಗುತ್ತಾರೆ. 21-6ರಲ್ಲಿ ಗೆದ್ದರೆ ಕಲಿಯುವುದೇನಿದೆ ಪುಟ್ಟಿ? 19-19 ಆದಾಗ ಶಾರ್ಟ್ ಸರ್ವ್ ಹಾಕಲು ಕೈ ನಡುಗುತ್ತದಲ್ಲ, ಆ ಪಾಯಿಂಟ್ ಆಡಿ ಆಡಿಯೇ ಆಟ ಗಟ್ಟಿಯಾಗಬೇಕು.

ಸೋತರೆ ಎಷ್ಟು ಇಳಿಯುತ್ತೀಯ ಎಂಬುದನ್ನು ಸರಿಯಾಗಿ ನೋಡಿಕೋ. ಕೆಲವು ಕಡೆ ಇಬ್ಬರ ಸ್ಥಾನ ಅದಲುಬದಲಾಗುತ್ತದೆ: ಐದನೆಯವರು ನಿನ್ನನ್ನು ಸೋಲಿಸಿದರೆ ನೀನು ನೇರ ಐದಕ್ಕೆ. ಇನ್ನು ಕೆಲವು ಕಡೆ ಗೆದ್ದವರು ನಿನ್ನ ಜಾಗಕ್ಕೆ ಬರುತ್ತಾರೆ, ನೀನು ನಾಲ್ಕಕ್ಕೆ, ನಾಲ್ಕನೆಯವರು ಐದಕ್ಕೆ ಸರಿಯುತ್ತಾರೆ. ರಾಕೆಟ್ ಮುಟ್ಟದೆಯೇ ಇಳಿದೆವಲ್ಲ ಎಂದು ಆ ನಾಲ್ಕನೆಯವರು ಗೊಣಗುವುದುಂಟು. ಆದರೂ ನನಗೆ ಇದೇ ಸರಿ ಅನ್ನಿಸುತ್ತದೆ. ಸವಾಲು ಒಪ್ಪಿ ಸೋತವರಿಗೆ ಒಂದೇ ಮೆಟ್ಟಿಲು ನಷ್ಟ, ಸುಮ್ಮನೆ ಕೂತವರಿಗೂ ಆಡಲೇಬೇಕಾದ ಒತ್ತಡ. ಅಕ್ಕ ವಿವರಿಸಿದ್ದು ನೋಡಿದರೆ ನಿಮ್ಮಲ್ಲೂ ಈ ಪದ್ಧತಿಯೇ ಇರುವ ಹಾಗಿದೆ. ಹಾಗಿದ್ದರೆ ಒಂದು ಮೆಟ್ಟಿಲಿಗೆ ಇಷ್ಟೊಂದು ಭಯವೇಕೆ?

ಮೇಲಿನವರು ಆಡಲು ಒಪ್ಪದಿದ್ದರೆ ಲ್ಯಾಡರ್ ಅಲ್ಲೇ ನಿಂತುಹೋಗುತ್ತದೆ, ಕೆಳಗಿನವರು ಬೇಸತ್ತು ಬಿಟ್ಟುಬಿಡುತ್ತಾರೆ. ಅದಕ್ಕೇ ಬಹಳ ಕಡೆ ಸವಾಲಿಗೆ ಗಡುವು ಇಟ್ಟಿರುತ್ತಾರೆ; ದಾಟಿದರೆ ಆಡದೆಯೇ ಸೋತ ಲೆಕ್ಕ. ಮೊಣಕಾಲು ನಿಜವಾಗಿಯೂ ನೋಯುತ್ತಿದ್ದರೆ ಪಟ್ಟಿ ನೋಡಿಕೊಳ್ಳುವವರಿಗೆ ಹೇಳಿ ಸ್ವಲ್ಪ ದಿನ ವಿಶ್ರಾಂತಿ ತಗೋ, ಡಾಕ್ಟರಿಗೆ ತೋರಿಸು. ದಿನಾ ಪ್ರಾಕ್ಟೀಸಿಗೆ ಬಂದು ಸವಾಲಿಗೆ ಮಾತ್ರ ನೋವು ಅಂದರೆ ಚೆನ್ನಾಗಿರುವುದಿಲ್ಲ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಬ್ಬೊಬ್ಬರನ್ನೇ ಸೋಲಿಸುತ್ತ ಮೇಲೆ ಬರುತ್ತಿದ್ದಾಳಂತೆ. ಹೊಸಬರು ತಳದಿಂದ ಶುರುಮಾಡಬೇಕಾದಾಗ ಹೀಗಾಗುತ್ತದೆ. ಪಟ್ಟಿಯಲ್ಲಿ ಅವಳ ಸ್ಥಾನ ಅವಳ ಆಟವನ್ನು ಇನ್ನೂ ಮುಟ್ಟಿಲ್ಲ. ಅವಳ ಕೈಲಿ ಸೋತರೆ ಅವಮಾನ ಅಂದುಕೊಳ್ಳಬೇಡ. ಪಂದ್ಯ ಮುಗಿದ ಮೇಲೆ ಪಕ್ಕದಲ್ಲಿ ಕೂತು ಮಾತಾಡಿಸು, ಆ ಬ್ಯಾಕ್‌ಹ್ಯಾಂಡ್ ಎಲ್ಲಿ ಕಲಿತೆ ಅಂತ ಕೇಳು.

ಇನ್ನೊಂದು ಮಾತು. ಇಂಥ ಪಂದ್ಯಗಳಿಗೆ ಅಂಪೈರ್ ಇರುವುದಿಲ್ಲ, ನಿನ್ನ ಕಡೆಯ ಗೆರೆ ನೀನೇ ನೋಡಬೇಕು. ಶಟಲ್ ಗೆರೆಗೆ ತಾಗಿದರೂ ಒಳಗೇ. ಅನುಮಾನ ಬಂದರೆ ಪಾಯಿಂಟ್ ಎದುರಿನವರಿಗೆ ಕೊಟ್ಟುಬಿಡು.

ಬಾಕಿ ಇರುವ ಸವಾಲುಗಳಲ್ಲಿ ಒಂದಕ್ಕಾದರೂ ಈ ಭಾನುವಾರದೊಳಗೆ ದಿನ ಗೊತ್ತುಮಾಡಿ ನನಗೆ ತಿಳಿಸು. ಅಕ್ಕ ಭಾವನಿಗೆ ನನ್ನ ನಮಸ್ಕಾರ.

ಇಂತಿ,
ನಿನ್ನ ಪ್ರೀತಿಯ ಮಾವ