ಪಲ್ಟಿ ಹೊಡೆಯುವ ಮಗಳಿಗೊಂದು ಪತ್ರ

ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಡಲೆ ಕಿತ್ತ ಹೊಲಕ್ಕೆ ಪಲ್ಟಿ (ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಮಣ್ಣು ಮಗುಚುವ ನೇಗಿಲು) ಹಾಕಿದ್ದೇನೆ, ಮುಂದಿನ ಗುಳ (ಮಣ್ಣು ಕತ್ತರಿಸುವ ಕಬ್ಬಿಣ) ಆಳಕ್ಕೆ ಇಳಿಯುತ್ತಿದೆ, ಹಿಂದಿನದು ಸುಮ್ನೆ ನೆಲ ಕೆರೆದುಕೊಂಡು ಬರುತ್ತಿದೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಟ್ರ್ಯಾಕ್ಟರ್ ಸದ್ದಿನಲ್ಲಿ ನಾನು ಹೇಳಿದ್ದು ನಿನಗೆ ಅರ್ಧವೂ ಕೇಳಿಸಿರಲಿಕ್ಕಿಲ್ಲ. ಮೊಣಕಾಲಿನ ಕಾರಣಕ್ಕೆ ನಾನಿನ್ನೂ ಹುಬ್ಬಳ್ಳಿಯಲ್ಲೇ ಕೂತಿದ್ದೇನೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಹೊಲದಲ್ಲೇ ಇಟ್ಟುಕೊಂಡು ಓದು.

ಮೊದಲು ಒಂದು ಮಾತು. ಪಕ್ಕದ ಹೊಲದವರು ಹೇಳಿದರು ಅಂತ ಪಲ್ಟಿಯ ಮೇಲೆ ಕಲ್ಲು ಹೇರಬೇಡ. ನೇಗಿಲು ನೆಲಕ್ಕೆ ಇಳಿಯುವುದು ಭಾರದಿಂದಲ್ಲ, ಗುಳದ ತುದಿಯಿಂದ. ತುದಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ, ಅದೇ ನೇಗಿಲನ್ನು ಒಳಕ್ಕೆ ಎಳೆಯುತ್ತದೆ. ತುದಿ ಸವೆದು ಮೊಂಡಾಗಿ ಮೇಲಕ್ಕೆ ತಿರುಗಿದ್ದರೆ ಎಷ್ಟು ಭಾರ ಹೇರಿದರೂ ಪ್ರಯೋಜನವಿಲ್ಲ. ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಆದ್ದರಿಂದ ಯಾವ ಹಿಡಿಕೆಗೂ ಕೈ ಹಾಕುವ ಮೊದಲು ಎರಡೂ ಗುಳಗಳ ಬಾರ್, ಅಂದರೆ ತುದಿಯ ಕಬ್ಬಿಣದ ಸರಳು, ನೋಡು. ನಮ್ಮ ಪಲ್ಟಿಯ ಬಾರನ್ನು ಸವೆದಂತೆಲ್ಲ ಮುಂದಕ್ಕೆ ಸರಿಸಬಹುದು. ಬೋಲ್ಟ್ ಸಡಿಲಿಸಿ, ಹಿಂದಿನಿಂದ ಸುತ್ತಿಗೆಯಿಂದ ತಟ್ಟಿ, ಎರಡೂ ಗುಳಗಳಲ್ಲಿ ಒಂದೇ ಅಳತೆಯಷ್ಟು ಹೊರಗೆ ಬರುವಂತೆ ಮಾಡಿ ಬಿಗಿ ಮಾಡು. ಒಂದು ಉದ್ದ, ಒಂದು ಗಿಡ್ಡ ಇದ್ದರೆ ಮುಂದಿನ ಯಾವ ಹೊಂದಾಣಿಕೆಯೂ ಕೂಡಿಬರುವುದಿಲ್ಲ.

ಈ ಕೆಲಸ ಮಾಡುವಾಗ ಪಲ್ಟಿ ನೆಲದ ಮೇಲೆ, ಮರದ ತುಂಡಿನ ಮೇಲೆ ಕೂತಿರಬೇಕು, ಎಂಜಿನ್ ಬಂದ್ ಆಗಿರಬೇಕು. ಹೈಡ್ರಾಲಿಕ್ ಮೇಲೆ ಎತ್ತಿ ನಿಲ್ಲಿಸಿದ ನೇಗಿಲಿನ ಕೆಳಗೆ ಕೈ, ಕಾಲು, ತಲೆ ಯಾವುದನ್ನೂ ಹಾಕಬೇಡ. ಎಣ್ಣೆ ಸೋರಿದರೆ ಅದು ತಾನಾಗಿ ಇಳಿಯುತ್ತದೆ. ಯಾರಾದರೂ ಲಿವರ್ ಮುಟ್ಟಿದರೂ ಸಾಕು. ಇದರಲ್ಲಿ ನನ್ನ ಹತ್ತಿರ ರಿಯಾಯಿತಿ ಇಲ್ಲ ಮಗಳೇ.

ಆಮೇಲೆ ಟ್ರ್ಯಾಕ್ಟರ್ ಕಡೆ ಬಾ. ಪಲ್ಟಿ ಸೊಟ್ಟ ಅಂತ ಬೈಯುವವರು ಬಹಳ ಸಲ ಟ್ರ್ಯಾಕ್ಟರನ್ನೇ ನೋಡಿರುವುದಿಲ್ಲ. ಹಿಂದಿನ ಎರಡೂ ಗಾಲಿಗಳಲ್ಲಿ ಗಾಳಿ ಒಂದೇ ಸಮ ಇದೆಯಾ? ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿದಾಗ ಪಲ್ಟಿ ಹಿಡಿಯುವ ತೋಳುಗಳಾದ ಕೆಳಗಿನ ಎರಡೂ ಲಿಂಕ್‌ಗಳ ತುದಿ ನೆಲದಿಂದ ಒಂದೇ ಎತ್ತರಕ್ಕೆ ಇವೆಯಾ? ಟೇಪ್ ಹಿಡಿದು ಅಳೆ. ಅಷ್ಟು ಸಾಕು. ಉಳಿದದ್ದನ್ನು ಅಂಗಳದಲ್ಲಿ ಮಾಡಲು ಬರುವುದಿಲ್ಲ, ಹೊಲದಲ್ಲೇ ಆಗಬೇಕು.

ಯಾಕೆ ಅಂದರೆ, ನಮ್ಮದು ಒಂದೇ ಕಡೆ ಮಣ್ಣು ಮಗುಚುವ ಪಲ್ಟಿ. ಉಳುವಾಗ ಟ್ರ್ಯಾಕ್ಟರಿನ ಬಲಗಾಲಿ ಹಿಂದಿನ ಸಾಲಿನೊಳಗೆ ಓಡುತ್ತದೆ, ಎಡಗಾಲಿ ಉಳದ ನೆಲದ ಮೇಲೆ. ಅಂದರೆ ಟ್ರ್ಯಾಕ್ಟರ್ ಇಡೀ ದಿನ ಬಲಕ್ಕೆ ವಾಲಿಕೊಂಡೇ ಇರುತ್ತದೆ. ಟ್ರ್ಯಾಕ್ಟರ್ ವಾಲಲಿ, ಪಲ್ಟಿ ವಾಲಬಾರದು. ಮೊದಲನೇ ಸಾಲು ಹೊಡೆಯುವಾಗ ಎರಡೂ ಗಾಲಿ ಮೇಲೆಯೇ ಇರುವುದರಿಂದ ಆ ಸಾಲನ್ನು ನೋಡಿ ಏನನ್ನೂ ತೀರ್ಮಾನಿಸಬೇಡ. ಸ್ವಲ್ಪ ತೆಳ್ಳಗೆ ಹೊಡೆದು ದಾಟಿಬಿಡು. ಬಲಗಾಲಿ ಸಾಲಿಗೆ ಇಳಿದ ಮೇಲೆ ಮೂವತ್ತು ನಲವತ್ತು ಹೆಜ್ಜೆ ಉತ್ತು, ಪಲ್ಟಿಯನ್ನು ಮೇಲೆತ್ತದೆ ಮಣ್ಣಿನಲ್ಲಿ ಇರುವ ಹಾಗೆಯೇ ನಿಲ್ಲಿಸು. ಎಂಜಿನ್ ಬಂದ್ ಮಾಡಿ ಕೆಳಗಿಳಿ.

ಈಗ ನಿನ್ನ ತೊಂದರೆಗೆ ಬರುತ್ತೇನೆ. ನಮ್ಮ ಪಲ್ಟಿಯಲ್ಲಿ ಮುಂದಿನ ಗುಳ ಬಲಗಡೆ ಇದೆ, ಹಿಂದಿನ ಗುಳ ಎಡಗಡೆ ಇದೆ. ಇದನ್ನು ಚೆನ್ನಾಗಿ ನೆನಪಿಟ್ಟುಕೋ, ಎಲ್ಲ ಗೊಂದಲ ಇಲ್ಲಿಂದಲೇ ಶುರುವಾಗುವುದು. ಪಲ್ಟಿಯ ಮೇಲ್ತುದಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಟಾಪ್ ಲಿಂಕ್ ಗಿಡ್ಡವಾಗಿದ್ದರೆ ಪಲ್ಟಿ ಮುಂದಕ್ಕೆ ಮುಗ್ಗರಿಸುತ್ತದೆ, ಮುಂದಿನ ಗುಳ ಆಳಕ್ಕೆ ಹೋಗುತ್ತದೆ. ಬಲಗಡೆಯ ಕೆಳಗಿನ ಲಿಂಕನ್ನು ಎತ್ತುವ ರಾಡ್ ಉದ್ದವಾಗಿದ್ದರೆ ಪಲ್ಟಿ ಬಲಕ್ಕೆ ವಾಲುತ್ತದೆ, ಆಗಲೂ ಮುಂದಿನ ಗುಳವೇ ಆಳಕ್ಕೆ ಹೋಗುತ್ತದೆ. ಕಾರಣ ಎರಡು, ಕಾಣುವ ರೋಗ ಒಂದೇ. ಸೀಟಿನ ಮೇಲೆ ಕೂತು ತಿರುಗಿ ನೋಡಿದರೆ ಯಾವುದು ಅಂತ ಗೊತ್ತಾಗುವುದೇ ಇಲ್ಲ. ರಾಡಿನ ತಪ್ಪಿಗೆ ಟಾಪ್ ಲಿಂಕ್ ತಿರುಗಿಸಿದರೆ ಒಂದು ತಪ್ಪು ಎರಡಾಗುತ್ತದೆ. ಆಮೇಲೆ ಇಡೀ ದಿನ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಗುರುತು ಹಿಡಿಯುವುದು ಹೀಗೆ. ಪಲ್ಟಿಯ ಹಿಂದೆ ಹೋಗಿ ನೇರವಾಗಿ ನಿಲ್ಲು. ಗುಳ ಹಿಡಿದಿರುವ ಕಾಲುಗಳು ನೆಲಕ್ಕೆ ನೆಟ್ಟಗೆ ನಿಂತಿವೆಯಾ, ಬಲಕ್ಕೆ ವಾಲಿವೆಯಾ ನೋಡು. ಟ್ರ್ಯಾಕ್ಟರಿಗೆ ಹೋಲಿಸಿ ನೋಡಬೇಡ, ಅದು ಹೇಗೂ ವಾಲಿರುತ್ತದೆ. ಹೊಲಕ್ಕೆ ಹೋಲಿಸಿ ನೋಡು. ಆಮೇಲೆ ಸಾಲಿನ ಸಡಿಲ ಮಣ್ಣನ್ನು ಕೈಯಿಂದ ಬಳಿದು ತೆಗೆದು ತಳ ಮುಟ್ಟು. ಪ್ರತಿ ಸಾಲಿನ ತಳವೂ ಅಡ್ಡಕ್ಕೆ ಇಳಿಜಾರಾಗಿದ್ದರೆ, ಬಲಗಡೆ ಆಳ, ಎಡಗಡೆ ಮೇಲೆ ಅಂತಿದ್ದರೆ ಪಲ್ಟಿ ವಾಲಿದೆ ಅಂತ ಅರ್ಥ. ಬಲಗಡೆ ರಾಡಿನ ಹಿಡಿಕೆ ತಿರುಗಿಸಿ ಗಿಡ್ಡ ಮಾಡು. ತಳ ಅಡ್ಡಕ್ಕೆ ಸಮವಾಗಿದ್ದೂ ಒಂದು ಸಾಲು ಆಳ, ಪಕ್ಕದ್ದು ಮೆಟ್ಟಿಲಿನ ಹಾಗೆ ಮೇಲಿದ್ದರೆ ಆಗ ಟಾಪ್ ಲಿಂಕ್ ಕೆಲಸ. ಉದ್ದ ಮಾಡು.

ಯಾವತ್ತೂ ಮೊದಲು ಹಿಂದಿನಿಂದ ನೋಡಿ ರಾಡ್ ಸರಿಮಾಡು, ಆಮೇಲೆ ಪಕ್ಕದಿಂದ ನೋಡಿ ಟಾಪ್ ಲಿಂಕ್. ಈ ಕ್ರಮ ತಪ್ಪಿಸಬೇಡ. ಒಂದು ಸಲಕ್ಕೆ ಒಂದನ್ನೇ, ಅದೂ ಒಂದೆರಡು ಸುತ್ತು ಮಾತ್ರ ತಿರುಗಿಸು. ಮತ್ತೆ ಹತ್ತು ಮಾರು ಉತ್ತು ಇಳಿದು ನೋಡು.

ಟಾಪ್ ಲಿಂಕ್ ಅತಿ ಉದ್ದವಾದರೂ ತೊಂದರೆಯೇ. ಆಗ ಗುಳದ ತುದಿ ಎದ್ದುಕೊಂಡು ಒಳಗೆ ಇಳಿಯುವುದಿಲ್ಲ. ಇದಕ್ಕೊಂದು ಚೆಂದದ ಗುರುತಿದೆ. ಸಾಲಿನ ಗೋಡೆಗೆ ಒರಗಿಕೊಂಡು ಬರುವ ಉದ್ದನೆಯ ಕಬ್ಬಿಣದ ಪಟ್ಟಿ ಇದೆಯಲ್ಲ, ಅದರ ಹಿಂದಿನ ತುದಿ ಸಾಲಿನ ತಳದಲ್ಲಿ ತೆಳುವಾಗಿ ಒಂದು ಗೆರೆ ಬಿಟ್ಟುಕೊಂಡು ಬರಬೇಕು. ಗೆರೆಯೇ ಇಲ್ಲದಿದ್ದರೆ ಲಿಂಕ್ ಗಿಡ್ಡ. ಮಣ್ಣು ಒತ್ತಿ ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿದ್ದರೆ ಲಿಂಕ್ ಉದ್ದ. ತೆಳ್ಳಗೆ ಕಂಡರೆ ಸರಿ. ಎರೆ ಮಣ್ಣಿನಲ್ಲಿ ಇದು ಕನ್ನಡಿಯ ಮೇಲೆ ಬೆರಳಾಡಿಸಿದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಅಗಲದ ಮಾತು ಸಣ್ಣದು. ಎರಡೂ ಗುಳ 12 ಇಂಚಿನವು, ಎರಡೂ ಅಷ್ಟೇ ಅಗಲ ಕತ್ತರಿಸಬೇಕು. ಮುಂದಿನದು ಜಾಸ್ತಿ ಹಿಡಿಯುತ್ತಿದ್ದರೆ ಪಲ್ಟಿಯನ್ನು ಕೆಳಗಿನ ಲಿಂಕುಗಳಿಗೆ ಕೂಡಿಸುವ ಅಡ್ಡ ದಂಡದ ಬೋಲ್ಟ್ ಸಡಿಲಿಸಿ ಪಲ್ಟಿಯನ್ನು ಸ್ವಲ್ಪ ಬಲಕ್ಕೆ ಸರಿಸು, ಕಡಿಮೆ ಹಿಡಿದರೆ ಎಡಕ್ಕೆ. ಲಿಂಕುಗಳು ಅತ್ತಿತ್ತ ಓಲಾಡದಂತೆ ಹಿಡಿಯುವ ಚೆಕ್ ಚೈನ್ ಬಿಗಿದು ಎಳೆದು ತರಬೇಡ. ಉಳುವಾಗ ಚೈನ್ ಸ್ವಲ್ಪ ಸಡಿಲ ಇರಬೇಕು, ರಸ್ತೆಗೆ ಬಂದಾಗ ಬಿಗಿ.

ಆಳಕ್ಕೆ ಒಂದು ಗೇಣು ಸಾಕು, 8 ಇಂಚು ಅಂದುಕೋ. 12 ಇಂಚಿನ ಗುಳದಲ್ಲಿ ಅದಕ್ಕಿಂತ ಬಹಳ ಆಳಕ್ಕೆ ಹೋದರೆ ಮಣ್ಣಿನ ಪಟ್ಟೆ ಮಗುಚಿ ಬೀಳದೆ ಅಡ್ಡಂಬಡ್ಡ ನಿಂತುಬಿಡುತ್ತದೆ. ಕಡಲೆಯ ಬೊಡ್ಡೆ, ಕರಕಿ ಎಲ್ಲ ಮೇಲೆಯೇ ಉಳಿಯುತ್ತವೆ. ಆಳವನ್ನು ಅಳೆಯುವುದು ಉಳದ ನೆಲದ ಮೇಲ್ಮೈಯಿಂದ ಸಾಲಿನ ತಳಕ್ಕೆ. ಮಗುಚಿದ ಹೆಂಟೆಯ ಮೇಲಿಂದ ಅಳೆದು ಹತ್ತು, ಹನ್ನೆರಡು ಇಂಚು ಅನ್ನುವವರ ಲೆಕ್ಕ ಬೇಡ.

ಲಿವರ್ ಎರಡಿವೆ ಅಲ್ವಾ? ಪಲ್ಟಿಗೆ ಡ್ರಾಫ್ಟ್ ಕಂಟ್ರೋಲ್ ಲಿವರನ್ನೇ ಬಳಸು. ಗಟ್ಟಿ ನೆಲ ಸಿಕ್ಕಿ ಎಳೆತ ಹೆಚ್ಚಾದಾಗ ಆ ಒತ್ತಡ ಟಾಪ್ ಲಿಂಕ್ ಮೂಲಕ ಹೈಡ್ರಾಲಿಕ್‌ಗೆ ತಲುಪುತ್ತದೆ, ಅದು ಪಲ್ಟಿಯನ್ನು ತುಸು ಎತ್ತಿ ಮತ್ತೆ ಇಳಿಸುತ್ತದೆ. ಗಾಲಿ ತಿರುಗಿ ನಿಂತಲ್ಲೇ ನಿಲ್ಲುವುದು ತಪ್ಪುತ್ತದೆ. ಈ ಉಪಾಯ ಹ್ಯಾರಿ ಫರ್ಗ್ಯುಸನ್ ಅನ್ನುವವನದು. 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರಿನಲ್ಲಿ ಅವನ ಮೂರು ಕೊಂಡಿಯ ಜೋಡಣೆ ಬಂತು. ಇವತ್ತು ನಮ್ಮ ಟ್ರ್ಯಾಕ್ಟರಿನ ಹಿಂದೆ ಇರುವುದೂ ಅದೇ ವಿದ್ಯೆ. ಆ ಮನುಷ್ಯನ ಬಗ್ಗೆ ನನಗೆ ದೊಡ್ಡ ಗೌರವ.

ನಮ್ಮ ಕಡೆಯ ಇನ್ನೊಬ್ಬರನ್ನೂ ಹೇಳಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಗುಲಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಹೆದರಿದ್ದರಂತೆ. ಮೊದಲನೇ ನೇಗಿಲು ಮಾರಲು ಅವರಿಗೆ ಎರಡು ವರ್ಷ ಹಿಡಿಯಿತು. ಹೆಣ್ಣುಮಗಳು ಪಲ್ಟಿ ಹೊಡೆದರೆ ಹೊಲ ಏನಾಗುತ್ತದೋ ಅಂತ ಯಾರಾದರೂ ಕಟ್ಟೆಯ ಮೇಲೆ ಕೂತು ಅಂದರೆ ನೀನು ಕಿವಿಗೆ ಹಾಕಿಕೊಳ್ಳಬೇಡ. ಹೊಸದನ್ನು ಕಂಡು ಹೆದರುವುದು ಜನಕ್ಕೆ ಆಗಿನಿಂದಲೂ ಇದೆ.

ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್ ಇರಲಿ. ಜೋರಾಗಿ ಓಡಿಸಿದರೆ ಮಣ್ಣು ಮಗುಚುವುದಿಲ್ಲ, ಚೆಲ್ಲಾಡುತ್ತದೆ. ದೊಡ್ಡ ದೊಡ್ಡ ಹೆಂಟೆ ಎದ್ದಿವೆ ಅಂತ ಗಾಬರಿಯಾಗಬೇಡ. ಎರೆ ಹೊಲದ ಮಾಗಿ ಉಳುಮೆ ಇರುವುದೇ ಹಾಗೆ. ಬಿಸಿಲಿಗೆ ಕಾದು, ಅಡ್ಡಮಳೆಗೆ ನೆನೆದು ಅವು ತಾವಾಗಿ ಒಡೆಯುತ್ತವೆ. ಕಡಲೆಯ ಕಾಯಿಕೊರಕ ಮಣ್ಣಿನೊಳಗೆ ಕೋಶ ಕಟ್ಟಿಕೊಂಡಿರುತ್ತದೆ, ಅದು ಮೇಲೆ ಬಂದು ಬಿಸಿಲಿಗೆ ಸಾಯುತ್ತದೆ, ಇಲ್ಲವೇ ಬೆಳ್ಳಕ್ಕಿಯ ಬಾಯಿಗೆ ಬೀಳುತ್ತದೆ. ಆದರೆ ಹಳ್ಳದ ಕಡೆಯ ತುಂಡಿನಲ್ಲಿ ಇನ್ನೂ ತೇವ ಇದ್ದರೆ ಅದನ್ನು ಬಿಟ್ಟುಬಿಡು. ಒಂದು ಹಿಡಿ ಮಣ್ಣು ಒತ್ತಿದಾಗ ಉಂಡೆಯಾಗಿ ಬೆರಳಿಗೆ ಅಂಟಿದರೆ ಇನ್ನೂ ಹದ ಬಂದಿಲ್ಲ. ಹಸಿಯಲ್ಲಿ ಉತ್ತರೆ ಅಲ್ಲಿ ಏಳುವ ಹೆಂಟೆ ಒಣಗಿ ಕಲ್ಲಾಗುತ್ತದೆ, ತಳದಲ್ಲಿ ಗಟ್ಟಿ ಪದರವೂ ಕೂರುತ್ತದೆ. ಇಳಿಜಾರಿಗೆ ಅಡ್ಡಲಾಗಿಯೇ ಉಳು.

ಸಂಜೆ ಪಲ್ಟಿಯನ್ನು ನೆಲಕ್ಕೆ ಇಳಿಸಿಯೇ ಮನೆಗೆ ಹೋಗು. ಮಣ್ಣು ಮಗುಚುವ ರೆಕ್ಕೆಗೆ ಅಂಟಿದ್ದನ್ನು ಕೆರೆದು ಹಳೆ ಎಂಜಿನ್ ಎಣ್ಣೆ ಸವರು. ತುಕ್ಕು ಹಿಡಿದ ರೆಕ್ಕೆಯ ಮೇಲೆ ಎರೆ ಮಣ್ಣು ಜಾರುವುದಿಲ್ಲ, ಮೆತ್ತಿಕೊಳ್ಳುತ್ತದೆ.

ಶನಿವಾರ ತಮ್ಮನ ಜೊತೆ ಬರುತ್ತೇನೆ. ಸವೆದ ಬಾರಿನ ಅಗಲ, ದಪ್ಪ, ಉದ್ದ ಟೇಪಿನಲ್ಲಿ ಅಳೆದು ಕಳಿಸು, ಇಲ್ಲಿಂದಲೇ ಹೊಸದು ತರುತ್ತೇನೆ. ಬೋಲ್ಟ್ ಎಷ್ಟನೇ ಸೈಜು ಅಂತಲೂ ಮರೆಯದೆ ಬರೆ.

ನಿನ್ನ ಅಪ್ಪ