ಶನಿವಾರದ ಮುಸ್ಯಾ ವೀಕ್ಷಣೆ: ಪೋಷಕರಿಗೆ ಪತ್ರ

ಪೋಷಕರಿಗೆ ನಮಸ್ಕಾರ.

ಹೋದ ಶನಿವಾರ ಯಾದಗಿರಿ ಕೋಟೆ ಗುಡ್ಡದ ಹತ್ತಿರ ಮುಸ್ಯಾಗಳಿಗೆ (ಕಪ್ಪು ಮುಖದ, ಉದ್ದ ಬಾಲದ ಕೋತಿಗಳಿಗೆ) ಬಾಳೆಹಣ್ಣು ಹಾಕುತ್ತಿದ್ದವರನ್ನು ನಮ್ಮ 9ನೇ ತರಗತಿ ಮಕ್ಕಳು ಬೇಡ ಎಂದು ತಡೆದಿದ್ದಕ್ಕೆ ನಿಮ್ಮಲ್ಲಿ ಕೆಲವರು ಶಾಲೆಗೇ ಬಂದು ಬೇಜಾರು ಹೇಳಿಕೊಂಡಿರಿ. "ಹಣಮಪ್ಪಗ ಹಣ್ಣು ಕೊಡೋದೂ ತಪ್ಪೇನ್ರಿ ಸರ್?" ಎಂದು ಒಬ್ಬ ತಾಯಿ ಕೇಳಿದರು. ಖಂಡಿತ ತಪ್ಪಲ್ಲ. ಆದರೆ ಅಲ್ಲಿ ಹಣ್ಣು ಹಾಕಬೇಡಿ ಎಂದು ಹೇಳಲು ಕಲಿಸಿದ್ದು ನಾವು, ಮಕ್ಕಳನ್ನು ಬೈಯಬೇಡಿ.

ಮುಸ್ಯಾಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬರಿಗೆ ಮಕ್ಕಳು ಶನಿವಾರ ಸಂಜೆ ನೆರವಾಗುತ್ತಿರುವುದು ನಿಮಗೆ ಗೊತ್ತೇ ಇದೆ. ಶಿಕ್ಷಕರು ಜೊತೆಗಿರುತ್ತಾರೆ. 10 ನಿಮಿಷಕ್ಕೊಮ್ಮೆ ಕಣ್ಣಿಗೆ ಬಿದ್ದ ಪ್ರತಿ ಮುಸ್ಯಾ ಏನು ಮಾಡುತ್ತಿದೆ ಅಂತ ಬರೆಯಬೇಕು: ತಿನ್ನುತ್ತಿದೆಯಾ, ಸುಮ್ನೆ ಕೂತಿದೆಯಾ, ಇನ್ನೊಂದರ ಮೈ ಹೆಕ್ಕುತ್ತಿದೆಯಾ, ಮರಿ ಯಾರ ಹತ್ತಿರ ಇದೆ. ಹೆತ್ತ ತಾಯಿಯಲ್ಲದ ಹೆಣ್ಣುಗಳೂ ಎಳೆಮರಿ ಎತ್ತಿಕೊಂಡು ತಿರುಗುತ್ತವೆ ಎಂಬುದನ್ನು ಮಕ್ಕಳೇ ನೋಡಿ ಗುರುತಿಸಿದ್ದಾರೆ, ನನಗೆ ಬಹಳ ಖುಷಿಯಾಯಿತು. 1960ರ ದಶಕದಲ್ಲಿ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮಾ ನಮ್ಮ ಧಾರವಾಡಕ್ಕೆ ಬಂದು ಹೀಗೇ ಮುಸ್ಯಾಗಳನ್ನು ನೋಡುತ್ತಾ ಕೂತಿದ್ದರು. ಗುಂಪಿನ ಯಜಮಾನ ಗಂಡು ಬದಲಾದಾಗ ಏನೇನಾಗುತ್ತದೆ ಎಂದು ಅವರು ಬರೆದದ್ದನ್ನು ಜಗತ್ತು ಇವತ್ತಿಗೂ ಓದುತ್ತದೆ.

ಈಗ ಬಾಳೆಹಣ್ಣಿನ ಮಾತು. ಒಂದು ಹಣ್ಣು ಬಿದ್ದರೆ ಸಾಕು, ಇಡೀ ಗುಂಪು ಕೆಳಗಿಳಿದು ಕಿತ್ತಾಟ ಶುರುವಾಗುತ್ತದೆ, ಆ ಸಂಜೆ ಬರೆದದ್ದೆಲ್ಲ ಹಾಳು. ಮುಸ್ಯಾದ ಹೊಟ್ಟೆ ಕೋಣೆ ಕೋಣೆಯಾಗಿರುವುದೇ ಎಲೆ ಅರಗಿಸಲು, ನಮ್ಮ ಬಿಸ್ಕೆಟ್ಟು ಅದಕ್ಕೆ ಒಗ್ಗುವುದಿಲ್ಲ. ಕೈಯಿಂದ ತಿಂದು ರೂಢಿಯಾದದ್ದು ನಾಳೆ ಮಗುವಿನ ಚೀಲಕ್ಕೂ ಕೈ ಹಾಕುತ್ತದೆ, ಪರಚಿದರೆ ಸೋಪು ಹಚ್ಚಿ 15 ನಿಮಿಷ ತೊಳೆದು ರೇಬೀಸ್ ಲಸಿಕೆಗೆ ಓಡಬೇಕು. ಮತ್ತೆ ಹೇಳುತ್ತೇನೆ, ನಿಮ್ಮ ಭಕ್ತಿಗೆ ಶಾಲೆ ಅಡ್ಡ ಬರುತ್ತಿಲ್ಲ. ಗುಡಿಯಲ್ಲಿ ನೈವೇದ್ಯ ಮಾಡಿ, ಪ್ರಸಾದ ಹಂಚಿ, ನಮಗೂ ಕೊಡಿ. ಗುಡ್ಡದ ಕೆಳಗೆ ಮಾತ್ರ ಬೇಡ. ಹಬ್ಬ ಅಂತಲೂ ಬೇಡ, ಒಂದೇ ಹಣ್ಣು ಅಂತಲೂ ಬೇಡ.

ಓದು ಹಾಳಾಗುತ್ತದೆ ಎಂಬ ಚಿಂತೆ ಬೇಡ, 10ನೇ ತರಗತಿಯವರನ್ನು ಇದಕ್ಕೆ ಸೇರಿಸಿಲ್ಲ. ಈ ವೀಕ್ಷಣೆ ನಿಮಗೂ ಬೇಕಾದದ್ದೇ: ತೊಗರಿ ಕಾಯಿ ಕಟ್ಟಿದಾಗ ಮುಸ್ಯಾಗಳು ಹೊಲಕ್ಕೆ ಬೀಳುತ್ತವೆ ಅಂತ ನೀವೇ ಹೇಳುತ್ತೀರಿ, ಅಲ್ವಾ? ಯಾವ ಗುಂಪು ಯಾವ ಹೊತ್ತಿಗೆ ಎಲ್ಲಿರುತ್ತದೆ ಅಂತ ತಿಳಿಯಬೇಕಾದರೆ ಯಾರಾದರೂ ಕೂತು ನೋಡಲೇಬೇಕು.

ಶನಿವಾರ ಮಕ್ಕಳ ಚೀಲದಲ್ಲಿ ಹಣ್ಣು, ತಿಂಡಿ ಇಡಬೇಡಿ. ಹೊರಡುವ ಮುಂಚೆ ಶಾಲೆಯಲ್ಲೇ ಸುಸಲಾ ಕೊಡುತ್ತೇವೆ.

ಇಂತಿ,
ಮುಖ್ಯ ಶಿಕ್ಷಕರು